ಹಡಗಿನ ಡೆಕ್ಕಿನಲ್ಲಿ ಒರಗುಕುರ್ಚಿಗೆ ತಕ್ಕ ಜಾಗ

ಪ್ರವಾಸಿ ಹಡಗಿನ ಡೆಕ್ಕಿನಲ್ಲಿ ಇಡೀ ದಿನ ಹಿತವಾಗಿರುವ ಜಾಗ ಎಂಬುದು ಇಲ್ಲ. ಗಾಳಿ, ಹೊಗೆ, ಹೊಯ್ದಾಟ, ಬಿಸಿಲು ನಾಲ್ಕೂ ಹಡಗು ಸಾಗುವ ದಿಕ್ಕಿಗೆ ತಕ್ಕಂತೆ ಬದಲಾಗುತ್ತವೆ. ಆದ್ದರಿಂದ ಒರಗುಕುರ್ಚಿ ಹಿಡಿಯುವ ಮುನ್ನ ಹಡಗು ಯಾವ ಕಡೆಗೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂದು ನೋಡಿಕೊಳ್ಳಬೇಕು. ಅನೇಕ ಹಡಗುಗಳಲ್ಲಿ ಕೋಣೆಯ ಟಿವಿಯ ಒಂದು ಚಾನೆಲ್ ಇದನ್ನು ನಕ್ಷೆಯ ಮೇಲೆ ಸದಾ ತೋರಿಸುತ್ತಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಗಾಳಿ. ಡೆಕ್ಕಿನಲ್ಲಿ ಮೈಗೆ ತಾಗುವುದು ಕಡಲ ಮೇಲೆ ಬೀಸುವ ಗಾಳಿ ಮಾತ್ರವಲ್ಲ, ಹಡಗಿನ ಓಟ ಹುಟ್ಟಿಸುವ ಎದುರುಗಾಳಿಯೂ ಅದಕ್ಕೆ ಕೂಡಿಕೊಂಡಿರುತ್ತದೆ. ಮುಂಬೈಯಿಂದ ಮರ್ಮಗೋವಾ, ನವಮಂಗಳೂರು ಬಂದರುಗಳನ್ನು ಮುಟ್ಟಿ ಕೊಚ್ಚಿಗೆ ಇಳಿಯುವ ಕರಾವಳಿಯ ದಾರಿಯನ್ನೇ ನೋಡಬಹುದು. ಹಡಗಿನ ವೇಗ 18 ನಾಟ್, ಉತ್ತರದಿಂದ ಬೀಸುವ ಗಾಳಿಯ ವೇಗ 10 ನಾಟ್ ಎಂದಿಟ್ಟುಕೊಳ್ಳೋಣ. ದಕ್ಷಿಣಕ್ಕೆ ಹೋಗುವಾಗ ಈ ಗಾಳಿ ಬೆನ್ನ ಹಿಂದಿನಿಂದ ಬರುವುದರಿಂದ ಡೆಕ್ಕಿನಲ್ಲಿ ಉಳಿಯುವ ಎದುರುಗಾಳಿ ಸುಮಾರು 8 ನಾಟ್, ಅಂದರೆ ಗಂಟೆಗೆ 15 ಕಿ.ಮೀ. ಅದೇ ಹಡಗು ಅದೇ ಹವೆಯಲ್ಲಿ ಉತ್ತರಕ್ಕೆ ಮರಳುವಾಗ ಎರಡೂ ಕೂಡಿ 28 ನಾಟ್, ಗಂಟೆಗೆ ಹೆಚ್ಚುಕಡಿಮೆ 52 ಕಿ.ಮೀ. ಆಗುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಹೋಗುವಾಗ ಪುಸ್ತಕದ ಹಾಳೆಯನ್ನು ಮೆಲ್ಲಗೆ ಅಲುಗಿಸಿದ ಗಾಳಿ, ಬರುವಾಗ ಅದಕ್ಕಿಂತ ಹನ್ನೆರಡು ಪಟ್ಟು ಬಲದಿಂದ ಟೋಪಿ, ಟವೆಲ್ಲುಗಳನ್ನು ಕಿತ್ತೊಯ್ಯುತ್ತದೆ.

ನಿಜವಾದ ಗಾಳಿ ಎಷ್ಟಿದೆ ಎಂಬುದನ್ನು ನೀರೇ ಹೇಳುತ್ತದೆ. ಅಲೆಗಳ ನೆತ್ತಿಯಲ್ಲಿ ಅಲ್ಲಲ್ಲಿ ಬಿಳಿನೊರೆ ಕಾಣುವುದು ಗಾಳಿ 7ರಿಂದ 10 ನಾಟ್ ಮುಟ್ಟಿದಾಗ. ನೊರೆಯೇ ಇಲ್ಲದ ಕಡಲಿನಲ್ಲೂ ಡೆಕ್ಕಿನ ಮೇಲೆ ಗಾಳಿ ಜೋರಾಗಿದ್ದರೆ ಅದು ಬಹುಪಾಲು ಹಡಗಿನದೇ ಗಾಳಿ. ಡೆಕ್ಕಿನ ಮೇಲಿನ ಕಟ್ಟಡದ ಮರೆಗೆ ಸರಿದರೆ ಅದರಿಂದ ತಪ್ಪಿಸಿಕೊಳ್ಳಬಹುದು.

ಆದರೆ ಎಲ್ಲ ಮರೆಯೂ ಮರೆಯಲ್ಲ. ಹಡಗಿನ ಮುಂಗೋಡೆಗೆ ಬಡಿದ ಗಾಳಿ ಮೇಲಕ್ಕೆ ಹತ್ತಿ, ಅಂಚನ್ನು ದಾಟುವಾಗ ಇನ್ನಷ್ಟು ವೇಗ ಪಡೆಯುತ್ತದೆ. ನೋಟಕ್ಕೆ ಸೊಗಸಾದ ಮೇಲಿನ ಡೆಕ್ಕಿನ ಮುಂತುದಿ ಕೂರಲು ಕಷ್ಟವಾಗುವುದು ಇದಕ್ಕೇ. ಅಲ್ಲಿ ನಿಲ್ಲಿಸಿದ ಗಾಜಿನ ತಡೆಗೋಡೆ ತನ್ನ ಎತ್ತರದ ಕೆಲವು ಪಟ್ಟು ದೂರದವರೆಗೆ ಮಾತ್ರ ರಕ್ಷಣೆ ಕೊಡುತ್ತದೆ. ಇನ್ನು ಕಟ್ಟಡದ ತೀರಾ ಹಿಂದೆ, ಬಾಲದ ತುದಿಯಲ್ಲಿ, ಗಾಳಿ ಸುಳಿಯಾಗಿ ತಿರುಗುತ್ತದೆ. ಹಡಗು ಮುಂದಕ್ಕೆ ಹೋಗುತ್ತಿದ್ದರೂ ಕೈಯಲ್ಲಿರುವ ಪತ್ರಿಕೆಯ ಹಾಳೆ ಹಿಂದಿನಿಂದ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಮರುಕ್ಷಣ ಪಕ್ಕಕ್ಕೆ ಎಳೆದುಕೊಳ್ಳುತ್ತದೆ.

ಇಂಥ ಸುಳಿಗಳೇ ಹೊಗೆಯನ್ನೂ ಕೆಳಕ್ಕೆ ಎಳೆಯುತ್ತವೆ. 1962ರಲ್ಲಿ ಮೊದಲ ಯಾನ ಮಾಡಿದ ‘ಫ್ರಾನ್ಸ್’ ಹಡಗಿನ ಹೊಗೆಕೊಳವೆಗಳಿಗೆ ಎರಡೂ ಬದಿ ರೆಕ್ಕೆ ಇಟ್ಟದ್ದು ಮಸಿಯನ್ನು ಡೆಕ್ಕಿನ ಆಚೆಗೆ ಸಾಗಿಸಲೆಂದು. 2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ 3.5ರಿಂದ ಶೇ 0.5ಕ್ಕೆ ಇಳಿದಿರುವುದು ಡೆಕ್ಕಿನಲ್ಲಿ ಕೂರುವವರಿಗೆ ದೊಡ್ಡ ಉಪಕಾರ. ಆದರೂ ಹಿಂಗಾಳಿಯ ವೇಗ ಹಡಗಿನ ವೇಗಕ್ಕೆ ಸಮವಾದ ದಿನ ಹೊಗೆ ಹಿಂದುಳಿಯದೆ ಹಡಗಿನ ಜೊತೆಗೇ ಸಾಗುತ್ತದೆ. ಅಂಥ ಹೊತ್ತಿನಲ್ಲಿ ಹೊಗೆಕೊಳವೆಗಿಂತ ಸಾಕಷ್ಟು ಮುಂದಿರುವ ಜಾಗವೇ ಮೇಲು.

ಹೊಯ್ದಾಟದ ಲೆಕ್ಕ ಸರಳ ರೇಖಾಗಣಿತ. ಅಲೆಗೆ ಎದುರಾಗಿ ಹೋಗುವ ಹಡಗು ಮಧ್ಯಭಾಗವನ್ನು ಆನಿಕೆ ಮಾಡಿಕೊಂಡು ಏತದ ಮರದಂತೆ ಮೂತಿ ಎತ್ತಿ ಇಳಿಸುತ್ತದೆ. 300 ಮೀಟರ್ ಉದ್ದದ ಹಡಗು ಒಂದೇ ಒಂದು ಡಿಗ್ರಿ ಓಲಿದರೂ ಮೂತಿ 2.6 ಮೀಟರ್ ಮೇಲೇರಿ, ಮತ್ತೆ ಅಷ್ಟೇ ಕೆಳಗಿಳಿಯುತ್ತದೆ. ನಡುವೆ ಕುಳಿತವರಿಗೆ ಅದು ತಿಳಿಯುವುದೇ ಕಡಿಮೆ. ಎಡಬಲದ ವಾಲಾಟ ಎತ್ತರದೊಂದಿಗೆ ಹೆಚ್ಚುತ್ತದೆ. ಮೂರು ಡಿಗ್ರಿ ವಾಲಿದರೆ, ವಾಲುವ ಅಕ್ಷದಿಂದ 30 ಮೀಟರ್ ಮೇಲಿರುವ ಕುರ್ಚಿ ಒಂದೂವರೆ ಮೀಟರ್ ಪಕ್ಕಕ್ಕೆ ಸರಿದರೆ 10 ಮೀಟರ್ ಮೇಲಿನದು ಅರ್ಧ ಮೀಟರ್ ಮಾತ್ರ. ನೀರಿನೊಳಗೆ ಚಾಚಿದ ಈಜುರೆಕ್ಕೆಗಳು ಈ ವಾಲಾಟವನ್ನು ತಗ್ಗಿಸುತ್ತವೆ. ದೊಡ್ಡ ಪ್ರಯಾಣಿಕ ಹಡಗುಗಳಲ್ಲಿ ಅವನ್ನು ಮೊದಲಿಗೆ ಅಳವಡಿಸಿಕೊಂಡದ್ದು 1950ರ ‘ಚೂಸಾನ್’. ಆದರೆ ಮೂತಿಯ ಏರಿಳಿತಕ್ಕೆ ಈ ರೆಕ್ಕೆಗಳಿಂದ ಪರಿಹಾರವಿಲ್ಲ. ಸುಮಾರು ಐದು ಸೆಕೆಂಡಿಗೊಮ್ಮೆ ಮರುಕಳಿಸುವ ಏರಿಳಿತವೇ ಹೊಟ್ಟೆ ತೊಳಸಲು ಅತಿ ಮುಖ್ಯ ಕಾರಣ. ಒಳಗಿವಿ ಚಲನೆಯನ್ನು ಗ್ರಹಿಸುತ್ತಿರುವಾಗ ಕಣ್ಣಿಗೂ ಅದು ಕಂಡರೆ ತೊಳಸಾಟ ಕಡಿಮೆ. ಹಾಗಾಗಿ ವಾಂತಿಯ ಭಯವಿರುವವರು ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಡುವೆ, ದಿಗಂತ ಕಾಣುವಂತೆ ಕೂರುವುದು ಒಳ್ಳೆಯದು.

ಬಾಲದ ಕಡೆ ಒಂದು ಕಾಲದಲ್ಲಿ ನಡುಕದ ಕಾಟವೂ ಇತ್ತು. 1935ರ ‘ನಾರ್ಮಂಡಿ’ ಹಡಗಿನ ಹಿಂಭಾಗ ವಿಪರೀತ ನಡುಗಿ, ಕೊನೆಗೆ ಮೂರು ಅಲಗಿನ ಚಾಲಕ ಚಕ್ರಗಳನ್ನು ತೆಗೆದು ನಾಲ್ಕು ಅಲಗಿನವನ್ನು ಹಾಕಬೇಕಾಯಿತು. ಇಂದಿನ ಹಡಗುಗಳಲ್ಲಿ ನಡುಕ ಬಹಳ ತಗ್ಗಿದೆ.

ಉಳಿದದ್ದು ಬಿಸಿಲು. ಮಂಗಳೂರಿನ ಅಕ್ಷಾಂಶ ಹೆಚ್ಚುಕಡಿಮೆ 13 ಡಿಗ್ರಿ. ಡಿಸೆಂಬರ್ ಕೊನೆಯಲ್ಲಿ ನಡುಹಗಲ ಸೂರ್ಯ ಅಲ್ಲಿ ದಕ್ಷಿಣ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿದ್ದರೆ, ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನೆತ್ತಿಯ ಮೇಲೇ ಬರುತ್ತಾನೆ; ಆಗ ಗೋಡೆಗಳ ನೆರಳು ಬುಡಕ್ಕೆ ಅಂಟಿಕೊಳ್ಳುವುದರಿಂದ ಮೇಲ್ಛಾವಣಿ ಬೇಕೇ ಬೇಕು. ನೆರಳಿದ್ದರೂ ನಿಶ್ಚಿಂತೆಯಿಲ್ಲ. ನೇರಳಾತೀತ ಕಿರಣಗಳು ಇಡೀ ಆಕಾಶದಿಂದ ಚದುರಿ ಬರುತ್ತವೆ, ಕಡಲನೊರೆ ಅವುಗಳ ಕಾಲು ಭಾಗದಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ತಂಗಾಳಿ ಬೀಸುತ್ತಿರುವಾಗ ಚರ್ಮ ಸುಡುತ್ತಿರುವುದು ಅರಿವಿಗೇ ಬರುವುದಿಲ್ಲ. ಕೊಡೆಯ ಕೆಳಗೂ ಸನ್‌ಸ್ಕ್ರೀನ್ ಹಚ್ಚಿಕೊಳ್ಳಬೇಕು.

ದಕ್ಷಿಣಕ್ಕೆ ಹೋಗುವ ಹಡಗಿನಲ್ಲಿ ಬೆಳಗಿನ ಬಿಸಿಲು ಎಡಮಗ್ಗುಲಿಗೆ, ಅಂದರೆ ಕರಾವಳಿಯ ಕಡೆಗೆ, ಸಂಜೆಯದು ಬಲಮಗ್ಗುಲಿಗೆ. ಹಾಗಾಗಿ ಮಧ್ಯಾಹ್ನದವರೆಗೆ ಬಲಕ್ಕೆ, ಊಟದ ನಂತರ ಎಡಕ್ಕೆ, ಛಾವಣಿಯುಳ್ಳ ಪ್ರಾಮನೇಡ್ ಡೆಕ್ಕಿನ ನಡುಭಾಗದಲ್ಲಿ ಕುರ್ಚಿ ಹಿಡಿಯುವುದು ಅತ್ಯುತ್ತಮ. ಸೂರ್ಯಾಸ್ತ ನೋಡಲು ಮಾತ್ರ ಮತ್ತೆ ಬಲಕ್ಕೆ ಬರಬೇಕು. ಕೊಚ್ಚಿಯಿಂದ ಮರಳುವಾಗ ಎಡಬಲ ಅದಲುಬದಲಾಗುತ್ತದೆ.