ಕೀಲುನೋವಿಗೆ ಯಾವ ಸ್ಕ್ಯಾನಿಂಗ್: ಎಂ.ಆರ್.ಐ.ಯೋ, ಅಲ್ಟ್ರಾಸೌಂಡೋ?

ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮುಂದೆ ಕುಳಿತವರಿಗಾಗಲಿ, ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ಮೂಟೆ ಹೊರುವವರಿಗಾಗಲಿ ಕೀಲುನೋವು ಹೊಸದಲ್ಲ. ಆದರೆ ದುಡಿಮೆಯ ನೋವು ಬೇರೆ, ಸಂಧಿವಾತ ಬೇರೆ. ಬೆಳಗ್ಗೆ ಎದ್ದಾಗ ಬೆರಳುಗಳು ಅರ್ಧ ಗಂಟೆಗೂ ಮೀರಿ ಬಿಗಿದಿದ್ದು, ಗೆಣ್ಣುಗಳು ಊದಿದ್ದರೆ ಎರಡನೆಯದನ್ನು ಶಂಕಿಸಬೇಕು. ನೇಕಾರನ ಬೆರಳು ಒಮ್ಮೆ ಸೊಟ್ಟಗಾದರೆ ನೇರವಾಗುವುದು ದುರ್ಲಭ. ಮೂಳೆ ಸವೆಯುವ ಮುನ್ನವೇ ಚಿಕಿತ್ಸೆ ಆರಂಭವಾಗಬೇಕು. ಆರಂಭದ ತಿಂಗಳುಗಳಲ್ಲಿ ಎಕ್ಸ್-ರೇಯಲ್ಲಿ ಏನೂ ಕಾಣದಿರಬಹುದು. ಈ ಎರಡು ಪರೀಕ್ಷೆಗಳ ಪ್ರಸಕ್ತಿ ಬರುವುದು ಇಲ್ಲಿಯೇ.

ಅಲ್ಟ್ರಾಸೌಂಡ್ ಶಬ್ದತರಂಗಗಳಿಂದ ಕೀಲಿನ ಒಳಪೊರೆಯ ಊತವನ್ನೂ ತುಂಬಿದ ನೀರನ್ನೂ ತೋರಿಸುತ್ತದೆ. ಪವರ್ ಡಾಪ್ಲರ್ ಸೌಲಭ್ಯವಿದ್ದರೆ ಆ ಪೊರೆಯಲ್ಲಿ ಹೆಚ್ಚಿದ ರಕ್ತಸಂಚಾರ, ಅರ್ಥಾತ್ ಉರಿಯೂತ ಜೀವಂತವಾಗಿರುವುದು, ಗೋಚರಿಸುತ್ತದೆ. ಗೌಟ್ ರೋಗದಲ್ಲಿ ಮೃದ್ವಸ್ಥಿಯ ಮೇಲೆ ಕೂತ ಯೂರಿಕ್ ಆಮ್ಲದ ಹರಳುಗಳನ್ನೂ ಗುರುತಿಸಬಹುದು. ಒಂದೇ ಸಲಕ್ಕೆ ಹಲವು ಕೀಲುಗಳನ್ನು ನೋಡಬಹುದು, ಖರ್ಚೂ ಕಡಿಮೆ. ಆದರೆ ಶಬ್ದತರಂಗ ಮೂಳೆಯನ್ನು ಭೇದಿಸಲಾರದು. ಫಲಿತಾಂಶವು ಪರೀಕ್ಷಿಸುವವರ ಕೈಪಳಗಿಕೆಯನ್ನು ಬಹುವಾಗಿ ಅವಲಂಬಿಸಿದೆ. 1994ರ ಲಿಂಗಪತ್ತೆ ನಿಷೇಧ ಕಾಯಿದೆಯ ನೋಂದಣಿಯಿಲ್ಲದೆ ಯಾವ ವೈದ್ಯರೂ ಈ ಯಂತ್ರವನ್ನು ಇಟ್ಟುಕೊಳ್ಳುವಂತಿಲ್ಲ.

ಎಂ.ಆರ್.ಐ. ಮೂಳೆಯೊಳಗನ್ನೂ ತೋರಿಸುತ್ತದೆ. ಮಜ್ಜೆಯಲ್ಲಿನ ಬಾವು ಮುಂದೆ ಮೂಳೆ ಸವೆಯಬಹುದೆಂಬ ಮುನ್ಸೂಚನೆ. ಅದು ಅಲ್ಟ್ರಾಸೌಂಡಿಗೆ ಕಾಣದು. ಹರೆಯದವರು ರಾತ್ರಿ ಬೆನ್ನುನೋವಿನಿಂದ ಎಚ್ಚರಗೊಂಡು, ಓಡಾಡಿದರೆ ಹಗುರವೆನ್ನುತ್ತಿದ್ದಲ್ಲಿ ಸೊಂಟದ ಹಿಂಬದಿಯ ಕೀಲುಗಳ ಎಂ.ಆರ್.ಐ. ಅಗತ್ಯವಾಗಬಹುದು. ಬೆನ್ನೆಲುಬಿನ ಈ ಬಗೆಯ ವಾತವನ್ನು ಗುರುತಿಸಲು 2009ರಲ್ಲಿ ರೂಪಿತವಾದ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಇದಕ್ಕೆ ಪ್ರಮುಖ ಸ್ಥಾನವಿದೆ. ಆದರೆ ವೆಚ್ಚ ಹೆಚ್ಚು. ಅರ್ಧ ಗಂಟೆಯಷ್ಟು ಅಲುಗದೆ ಮಲಗಬೇಕು. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹವಿದ್ದವರು ಮೊದಲೇ ತಿಳಿಸಬೇಕು. ಎರಡರಲ್ಲೂ ಎಕ್ಸ್-ರೇ ವಿಕಿರಣವಿಲ್ಲ.

ಬೆಲೆ ಹೆಚ್ಚಿದ್ದೇ ಉತ್ತಮವೆಂಬ ಭಾವನೆ ನಮ್ಮ ವರ್ತಕರಲ್ಲೂ ಉಂಟು. ಶೇಂಗಾ ಮೂಟೆ ತೂಗುವ ಕಾಟಾದಲ್ಲಿ ಚಿನ್ನ ತೂಗುತ್ತೇವೆಯೇ? ಬೆರಳು, ಮಣಿಕಟ್ಟು, ಮೊಣಕಾಲುಗಳಿಗೆ ಬಹುಪಾಲು ಅಲ್ಟ್ರಾಸೌಂಡೇ ಸಾಕಾಗಬಹುದು. ಬೆನ್ನು, ಸೊಂಟದ ಸಂದೇಹಕ್ಕೆ ಎಂ.ಆರ್.ಐ. ಬೇಕು. ತಾವಾಗಿಯೇ ಸ್ಕ್ಯಾನಿಂಗ್ ಮಾಡಿಸಿಕೊಂಡು ಅನಂತರ ವೈದ್ಯರನ್ನು ಅರಸುವುದು ಹಣದ ಅಪವ್ಯಯ. ಮೊದಲು ವೈದ್ಯರ ತಪಾಸಣೆ ಹಾಗೂ ರಕ್ತಪರೀಕ್ಷೆ ಆಗಲಿ. ಹೋಗುವಾಗ ಹಳೆಯ ಎಕ್ಸ್-ರೇಗಳನ್ನು ದಿನಾಂಕಸಹಿತ ಜೊತೆಗೆ ಒಯ್ಯಿರಿ.