ಒದ್ದೆ ಲಂಗೋಟಿಯ ಲೆಕ್ಕ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಯಾವ ಊರಿಗೆ ಹೋದರೂ ಬಾಣಂತಿ ಇರುವ ಮನೆ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ. ಅಂಗಳದ ಹಗ್ಗವೇ ಹೇಳಿಬಿಡುತ್ತದೆ! ಹಳೆಯ ಧೋತರ ಹರಿದು ಮಾಡಿದ ಚೌಕಗಳು, ಸೀರೆಯ ತುಂಡುಗಳು, ಒಂದೆರಡು ಪುಟ್ಟ ಕೌದಿ, ಒಂದು ಕುಂಚಿಗಿ ಸಾಲಾಗಿ ಬಿಸಿಲಿಗೆ ತೂಗಾಡುತ್ತಿರುತ್ತವೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಿದ್ದಾಳೆ. ಒಳಗಿನಿಂದ ಆಯಿಯ ದನಿ: "ಯವ್ವಾ, ಕೂಸು ಮತ್ತ ತೋಯಿಸಿಕೊಂಡದ ನೋಡು!" ಈಗ ತಾನೆ ಕಟ್ಟಿದ ಲಂಗೋಟಿ, ಅದರ ಕೆಳಗಿನ ಅರಿವಿ, ಅದರ ಕೆಳಗಿನ ಕೌದಿ, ಕೊನೆಗೆ ಬಾಣಂತಿಯ ಸೀರೆ, ನಾಲ್ಕೂ ಒದ್ದೆ.

ಇಂಥ ಮನೆಯಲ್ಲಿ ಪರೀಕ್ಷೆಗೆ ಓದುವ ತಂಗಿಯೋ ತಮ್ಮನೋ ಇದ್ದೇ ಇರುತ್ತಾರೆ. ಅಡಿಗೆ, ಎರೆಯುವುದು, ಬಟ್ಟೆ ಒಗೆಯುವುದು ಎಂದು ಅವ್ವ ಹೈರಾಣಾದಾಗ "ಸ್ವಲ್ಪ ಕೂಸಿನ ಅರಿವಿ ಬದಲಿಸು" ಎಂಬ ಮಾತು ಅವರ ಪಾಲಿಗೇ ಬರುತ್ತದೆ. ಆದ್ದರಿಂದ ಈ ಬರಹ ತಾಯ್ತಂದೆಯರಿಗೆ ಎಷ್ಟೋ, ಮಕ್ಕಳಿಗೂ ಅಷ್ಟೇ. ಹುಡುಗಿಯರು ಮಾತ್ರ ಓದಬೇಕೆಂದೇನೂ ಇಲ್ಲ. ಪಿಯುಸಿ ಓದುವ ಮಾಮನೂ ಲಂಗೋಟಿ ಕಟ್ಟಲು ಕಲಿಯಬಹುದು.

ಹುಟ್ಟಿದ ಮೊದಲ ದಿನ ಕೂಸು ಒಂದೆರಡು ಸಲ ಮಾತ್ರ ಉಚ್ಚೆ ಹೊಯ್ಯಬಹುದು. ಎದೆಹಾಲು ಚೆನ್ನಾಗಿ ಇಳಿದ ಮೇಲೆ, ಅಂದರೆ ಐದಾರು ದಿನದ ಹೊತ್ತಿಗೆ, ದಿನಕ್ಕೆ ಕಡಿಮೆಯೆಂದರೂ ಆರು ಸಲ. ಅನೇಕ ಕೂಸುಗಳು ಹತ್ತು ಹನ್ನೆರಡು ಸಲವೂ ಹೊಯ್ಯುತ್ತವೆ. ಮೊದಲ ಎರಡು ಮೂರು ದಿನದ ಮಲ ಕರ್ರಗೆ ಡಾಂಬರಿನಂತೆ ಅಂಟಂಟು. ಆಮೇಲೆ ಹಸಿರು ಛಾಯೆಗೆ ತಿರುಗಿ, ಐದನೆಯ ದಿನದ ಸುಮಾರಿಗೆ ಸಾಸಿವೆಯಂಥ ಹಳದಿ ಬಣ್ಣಕ್ಕೆ ಬರುತ್ತದೆ. ಹಾಲು ಕುಡಿಯುತ್ತಲೇ ಹೊರಗೆ ಹೋಗುವುದು ಎಷ್ಟೋ ಕೂಸುಗಳ ಅಭ್ಯಾಸ. ಹೊಟ್ಟೆಗೆ ಹಾಲು ಬಿದ್ದೊಡನೆ ಕರುಳು ಚಲಿಸುವುದರಿಂದ ಹೀಗಾಗುತ್ತದೆ, ಇದು ಭೇದಿಯಲ್ಲ. ಹಾಲೂಡುವ ಮೊದಲೇ ಹೊಸ ಅರಿವಿ ಕಟ್ಟಿದರೆ ಐದು ನಿಮಿಷದಲ್ಲಿ ಅದೂ ಹೋಯಿತೆಂದೇ ತಿಳಿಯಿರಿ. ಒಂದು ಕಡೆ ಕುಡಿಸಿ, ಬದಲಿಸಿ, ಮತ್ತೊಂದು ಕಡೆ ಕುಡಿಸುವುದು ಜಾಣತನ. ಹೊಟ್ಟೆ ತುಂಬಿದ ಮೇಲೆ ಕಾಲು ಎತ್ತಿದರೆ ಕುಡಿದ ಹಾಲನ್ನೆಲ್ಲ ಕಕ್ಕುವ ಸಂಭವವಿದೆ.

ಸೋರುವುದು ಏಕೆ?

ಸೋರಿದಾಗಲೆಲ್ಲ ದೂರು ಬಟ್ಟೆಯ ಮೇಲೆ ಬರುತ್ತದೆ. ನಿಜದಲ್ಲಿ ತಪ್ಪು ಹೆಚ್ಚಾಗಿ ಕಟ್ಟುವ ರೀತಿಯಲ್ಲಿರುತ್ತದೆ. ತೊಡೆಯ ಸಂದಿಯಲ್ಲಿ ಬಟ್ಟೆ ಸಡಿಲವಾಗಿದ್ದರೆ ಅಲ್ಲೇ ದಾರಿ. ಹಾಗೆಂದು ಬಿಗಿದು ಕಟ್ಟಬಾರದು. ಹೊಟ್ಟೆಯ ಬಳಿ ಎರಡು ಬೆರಳು ಹಿಡಿಸುವಷ್ಟು ಜಾಗ ಬೇಕು. ಸುಮಾರು ಎರಡು ಅಡಿ ಚೌಕದ ಮೆತ್ತನೆಯ ಹತ್ತಿ ಬಟ್ಟೆಯನ್ನು ಮೂಲೆಗೆ ಮೂಲೆ ಸೇರಿಸಿ ತ್ರಿಕೋನ ಮಾಡಿ. ಅದರ ಮಧ್ಯೆ ಉದ್ದಕ್ಕೆ ಇನ್ನೊಂದು ಮಡಿಸಿದ ತುಂಡು ಇಡಿ. ಗಂಡುಕೂಸಾದರೆ ಈ ತುಂಡಿನ ದಪ್ಪ ಭಾಗ ಮುಂದಕ್ಕಿರಲಿ, ಹೆಣ್ಣುಕೂಸಾದರೆ ನಡುವಿಗೆ ಮತ್ತು ಹಿಂದಕ್ಕಿರಲಿ. ಗಂಡುಕೂಸಿನ ಅಂಗ ಕೆಳಮುಖವಾಗಿರುವಂತೆ ನೋಡಿಕೊಂಡು ಕಟ್ಟದಿದ್ದರೆ ಉಚ್ಚೆಯೆಲ್ಲ ಹೊಟ್ಟೆಯ ಮೇಲಿನಿಂದ ಹೊರಬಂದು ಅಂಗಿ ತೋಯುತ್ತದೆ. ಗಂಟು ಬೆನ್ನಿಗೆ ಒತ್ತದಂತೆ ಮಗ್ಗುಲಿಗೆ ಇರಲಿ.

ಇನ್ನೊಂದು ಸಂಗತಿ ಹೊಕ್ಕುಳದ್ದು. ಹೊಕ್ಕುಳಬಳ್ಳಿ ಒಣಗಿ ಉದುರಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಲಂಗೋಟಿಯ ಅಂಚನ್ನು ಅದರ ಕೆಳಗೇ ಮಡಚಬೇಕು. ಒದ್ದೆ ಬಟ್ಟೆ ಅದರ ಮೇಲೆ ಕೂತರೆ ಒಣಗುವುದು ತಡವಾಗುತ್ತದೆ, ಸೋಂಕಿಗೂ ದಾರಿ. ಬೂದಿ, ಅರಿಷಿಣ, ಎಣ್ಣೆ ಏನನ್ನೂ ಹಚ್ಚದೆ ಒಣಗಲು ಬಿಡುವುದೇ ಮದ್ದು.

ಹೊಸ ಬಟ್ಟೆ ನೀರು ಹೀರುವುದಿಲ್ಲ. ನಾಲ್ಕಾರು ಸಲ ಒಗೆದು ಒಣಗಿಸಿದ ಮೇಲೆಯೇ ಅದು ಹದಕ್ಕೆ ಬರುವುದು. ಅಜ್ಜನ ಹಳೆಯ ಧೋತರಕ್ಕೆ ನಮ್ಮ ಹಿರಿಯರು ಕೊಟ್ಟ ಮರ್ಯಾದೆ ಸುಮ್ಮನೆ ಬಂದದ್ದಲ್ಲ! ಈ ಭಾಗದ ಎಷ್ಟೋ ಊರುಗಳ ಬೋರಿನ ನೀರು ಗಡಸು. ಸಾಬೂನು ನೊರೆ ಕೊಡುವುದಿಲ್ಲವೆಂದು ಇನ್ನಷ್ಟು ಪುಡಿ ಹಾಕುತ್ತೇವೆ, ಅದು ಬಟ್ಟೆಯಲ್ಲೇ ಉಳಿದು ಕೂಸಿನ ಚರ್ಮ ಕೆರೆಯುತ್ತದೆ. ಪುಡಿ ಕಡಿಮೆ ಹಾಕಿ, ಒಂದು ನೀರು ಹೆಚ್ಚು ಜಾಲಿಸಿ. ಬಟ್ಟೆ ಮೆತ್ತಗಾಗಲೆಂದು ಸುರಿಯುವ ಸುವಾಸನೆಯ ದ್ರವ ಲಂಗೋಟಿಗೆ ಬೇಡ, ಹೀರುವ ಗುಣವೇ ಹೋಗುತ್ತದೆ. ಕೂಸಿನ ಮಲ ಹೊಲಸಲ್ಲ ಎನ್ನುವವರಿದ್ದಾರೆ. ಅದರಿಂದಲೂ ರೋಗ ಹರಡುತ್ತದೆ. ಅದನ್ನು ಪಾಯಖಾನೆಗೆ ಹಾಕಿ, ಬಟ್ಟೆಯನ್ನು ಬೇರೆಯಾಗಿ ಒಗೆದು, ಸಾಬೂನಿನಿಂದ ಕೈ ತೊಳೆದ ಮೇಲೆಯೇ ರೊಟ್ಟಿ ಹಿಟ್ಟಿಗೆ ಕೈ ಹಾಕಬೇಕು.

ಬಿಚ್ಚುವ ಮೊದಲು...

ಬದಲಿಸುವಾಗ ಆಗುವ ರಾಡಿಗೆ ಕಾರಣ ಒಂದೇ: ಮೊದಲು ಬಿಚ್ಚುತ್ತೇವೆ, ಆಮೇಲೆ ಸಾಮಾನು ಹುಡುಕುತ್ತೇವೆ. ಒಗೆದ ಲಂಗೋಟಿ ಎರಡು, ಉಗುರುಬೆಚ್ಚಗಿನ ನೀರು, ಹತ್ತಿ ಅಥವಾ ಮೆತ್ತನೆಯ ಅರಿವಿ, ಕೊಳೆ ಬಟ್ಟೆ ಹಾಕಲು ಬಕೆಟ್ಟು ಇವೆಲ್ಲ ಕೈಗೆಟುಕುವಂತೆ ಇಟ್ಟುಕೊಂಡು ಕುಳಿತುಕೊಳ್ಳಿ. ನೆಲದ ಮೇಲೆ ಚಾಪೆ ಹಾಸಿ ಬದಲಿಸುವುದು ಎಲ್ಲಕ್ಕಿಂತ ಕ್ಷೇಮ. ಮಂಚದ ಮೇಲಾದರೆ ಒಂದು ಕೈ ಸದಾ ಕೂಸಿನ ಮೇಲಿರಬೇಕು.

ಕಟ್ಟು ಸಡಿಲಿಸಿದೊಡನೆ ಎಳೆದು ತೆಗೆಯಬೇಡಿ. ಅರ್ಧ ನಿಮಿಷ ಹಾಗೇ ಮುಚ್ಚಿಡಿ. ತಣ್ಣನೆಯ ಗಾಳಿ ಸೋಕಿದೊಡನೆ ಚಿಲುಮೆ ಹಾರಿಸುವ ಕೂಸುಗಳೇ ಹೆಚ್ಚು. ಆ ಲಂಗೋಟಿಯ ಒಣಗಿದ ಮುಂಭಾಗದಿಂದಲೇ ಮುಂದಿನಿಂದ ಹಿಂದಕ್ಕೆ ಒರೆಸಿ, ಅದನ್ನು ಒಳಮಡಚಿ ಕೂಸಿನ ಕೆಳಗೇ ಬಿಡಿ. ಹೆಣ್ಣುಕೂಸಿಗಂತೂ ಹಿಂದಿನಿಂದ ಮುಂದಕ್ಕೆ ಎಂದೂ ಒರೆಸಬಾರದು, ಮೂತ್ರನಾಳಕ್ಕೆ ಸೋಂಕು ತಗಲುತ್ತದೆ. ಹೊಸದನ್ನು ಕೆಳಗೆ ಸರಿಸಿದ ಮೇಲೆ ಹಳೆಯದನ್ನು ಎಳೆದುಕೊಳ್ಳಿ. ಹಿಮ್ಮಡಿ ಹಿಡಿದು ಕೋಳಿ ಎತ್ತಿದಂತೆ ಎತ್ತದೆ, ಸೊಂಟದ ಕೆಳಗೆ ಅಂಗೈ ಕೊಟ್ಟು ಎತ್ತಿ. ಮೊದಲ ದಿನಗಳ ಕರಿ ಮಲ ಉಜ್ಜಿದರೂ ಬಿಡುವುದಿಲ್ಲ. ಮುಂಚೆಯೇ ಕುಂಡೆಗೆ ತುಸು ಕೊಬ್ಬರಿ ಎಣ್ಣೆ ಸವರಿದ್ದರೆ ಒಂದೇ ಒರೆಸಿಗೆ ಬರುತ್ತದೆ. ಪೌಡರು ಬೇಡ. ಅದರ ಧೂಳು ಕೂಸಿನ ಉಸಿರಿನೊಳಗೆ ಹೋಗುತ್ತದೆ, ಸಂದಿಯಲ್ಲಿ ಹಿಟ್ಟಿನಂತೆ ಕಲಸಿ ಕೂರುತ್ತದೆ.

ಕೌದಿಯ ಬಗ್ಗೆ ಒಂದು ಮಾತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯಂಥ ಹಾಸಿಗೆ ಕೂಸಿಗೆ ಬೇರೊಂದಿಲ್ಲ. ಆದರೆ ಮೇಲೆ ಒಣಗಿದಂತೆ ಕಂಡರೂ ಅದರ ಒಳಪದರ ಹಸಿಯಾಗಿಯೇ ಉಳಿಯುತ್ತದೆ. ದೊಡ್ಡದೊಂದರ ಬದಲು ಸಣ್ಣವು ನಾಲ್ಕು ಇರಲಿ, ಎರಡೂ ಮಗ್ಗುಲು ಬಿಸಿಲು ಕಾಣಲಿ. ರಬ್ಬರ್ ಶೀಟು ಹಾಕುವುದಾದರೆ ಕೌದಿಯ ಕೆಳಗೆ ಬಿಗಿಯಾಗಿ ಹಾಸಬೇಕು, ಚರ್ಮಕ್ಕೆ ತಾಗಬಾರದು.

ಬಸ್ಸಿಗೊಂದು, ಮನೆಗೊಂದು

ಸೋರದ ಲಂಗೋಟಿಗಾಗಿ ತಲೆ ಕೆಡಿಸಿಕೊಂಡವರು ನಾವಷ್ಟೇ ಅಲ್ಲ. ಅಮೆರಿಕದ ಮೇರಿಯನ್ ಡಾನೊವನ್ ಎಂಬ ತಾಯಿ 1946ರಲ್ಲಿ ಬಚ್ಚಲುಮನೆಯ ಪರದೆಯನ್ನೇ ಕತ್ತರಿಸಿ, ಲಂಗೋಟಿಯ ಮೇಲೆ ತೊಡಿಸುವ ನೀರು ಸೋರದ ಹೊದಿಕೆ ಹೊಲಿದಳು. ಪಿನ್ನಿನ ಬದಲು ಟಿಚ್ ಬಟನ್ ಇಟ್ಟಳು. 1951ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು. 1961ರಲ್ಲಿ ಪ್ಯಾಂಪರ್ಸ್ ಎಂಬ ಬಿಸಾಡುವ ಡೈಪರ್ ಅಲ್ಲಿ ಮಾರಾಟಕ್ಕೆ ಬಂತು. ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರಿ ಜೆಲ್ಲಿಯಂತಾಗುವ ಪುಡಿ ಡೈಪರಿನೊಳಗೆ ಸೇರಿದ್ದು 1980ರ ದಶಕದಲ್ಲಿ. ಇಂದು ಆಳಂದದ ಮೆಡಿಕಲ್ ಅಂಗಡಿಯಲ್ಲಿ ಸಿಗುವುದೂ ಅದೇ ಬಗೆಯದು.

ಅದು ಬೇಡವೆಂದಲ್ಲ. ಜೇವರ್ಗಿಯಿಂದಲೋ ಆಳಂದದಿಂದಲೋ ಲಸಿಕೆಗೆ, ತಪಾಸಣೆಗೆ ಕಲಬುರಗಿಗೆ ಹೊರಟರೆ ಸುಮಾರು ನಲವತ್ತು ಕಿಲೋಮೀಟರ್ ಬಸ್ಸಿನ ಪ್ರಯಾಣ. ಅಫಜಲಪುರದವರಿಗೆ ಇನ್ನೂ ಹೆಚ್ಚು. ಅಲ್ಲಿ ಡೈಪರ್ ಉಪಕಾರಿ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನೀರು ನುಗ್ಗಿದಂಥ ಹೊತ್ತಿನಲ್ಲಿ ಲಂಗೋಟಿ ಒಣಗಿಸುವುದಾದರೂ ಎಲ್ಲಿ? ಕಟ್ಟುವಾಗ ತೊಡೆಯ ಸುತ್ತಲಿನ ನೆರಿಗೆಯನ್ನು ಬೆರಳಿನಿಂದ ಹೊರಕ್ಕೆ ಬಿಡಿಸಿ. ಅದು ಒಳಗೆ ಮಡಚಿಕೊಂಡರೆ ಎಷ್ಟು ದುಬಾರಿಯ ಡೈಪರೂ ಸೋರುತ್ತದೆ. ಅಳತೆಯನ್ನು ಪೊಟ್ಟಣದ ಮೇಲಿರುವ ತೂಕ ನೋಡಿ ಕೊಳ್ಳಿ. ಮೂರು ತಾಸಿಗೊಮ್ಮೆ ತೆಗೆಯಿರಿ, ಹೊರಗೆ ಹೋಗಿದ್ದರೆ ಆಗಲೇ ತೆಗೆಯಿರಿ. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಬೇರೆಯಾಗಿ ಕೊಡಬೇಕು. ತಿಪ್ಪೆಗೆ ಎಸೆದದ್ದನ್ನು ನಾಯಿಗಳು ಊರೆಲ್ಲ ಎಳೆದಾಡುವುದನ್ನು ಯಾರು ನೋಡಿಲ್ಲ?

ಆದರೆ ಏಪ್ರಿಲ್-ಮೇ ತಿಂಗಳಲ್ಲಿ, ಉಷ್ಣತೆ ನಲವತ್ತು ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ, ಹಗಲಿಡೀ ಡೈಪರ್ ಹಾಕಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಒಂದು, ಬೆವರು ಮತ್ತು ಉಚ್ಚೆ ಸೇರಿ ಚರ್ಮ ಕೆಂಪಾಗಿ ಉರಿ ಏಳುತ್ತದೆ. ಇಂಥ ಉರಿಗೆ ನೀರಿನಿಂದ ತೊಳೆದು, ದಿನಕ್ಕೆ ಕೆಲ ಹೊತ್ತು ಬರಿಮೈ ಬಿಟ್ಟು, ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿದರೆ ಸಾಕು. ಸಂದಿಯೊಳಗೂ ಹಬ್ಬಿ ಸುತ್ತ ಚಿಕ್ಕ ಗುಳ್ಳೆ ಎದ್ದಿದ್ದರೆ ಅದು ಬೂಷ್ಟಿನ ಸೋಂಕಿರಬಹುದು, ವೈದ್ಯರಿಗೆ ತೋರಿಸಿ.

ಎರಡನೆಯ ಕಾರಣ ಇನ್ನೂ ದೊಡ್ಡದು. ಕೂಸು ಎಷ್ಟು ಹಾಲು ಕುಡಿಯಿತೆಂದು ಅಳೆಯಲು ಬಟ್ಟಲಿಲ್ಲ; ಮನೆಯಲ್ಲಿ ಇರುವ ಅಳತೆ ಒದ್ದೆ ಲಂಗೋಟಿಯೊಂದೇ. ಡೈಪರು ಆ ಲೆಕ್ಕವನ್ನು ನುಂಗಿಬಿಡುತ್ತದೆ. ಬೇಸಿಗೆಯಲ್ಲಿ ಹಾಲು ಸಾಲದ ಕೂಸು ಅಳುವುದಕ್ಕೂ ತ್ರಾಣವಿಲ್ಲದೆ ಮಲಗಿಬಿಟ್ಟಾಗ "ಪಾಪ, ಶಾಣ್ಯಾ ಕೂಸು, ಸುಮ್ಮನ ಮಲಗ್ಯಾದ" ಎಂದು ಹಿರಿಯರು ಮೆಚ್ಚಿಕೊಳ್ಳುತ್ತಾರೆ. ಹಗ್ಗದ ಮೇಲಿನ ಬಟ್ಟೆ ಎಣಿಸಿದವರಿಗೆ ಮಾತ್ರ ವಿಷಯ ತಿಳಿಯುತ್ತದೆ. ಐದಾರು ದಿನ ತುಂಬಿದ ಕೂಸು ಇಪ್ಪತ್ತನಾಲ್ಕು ತಾಸಿನಲ್ಲಿ ಆರಕ್ಕಿಂತ ಕಡಿಮೆ ಸಲ ತೋಯಿಸಿದರೆ, ಉಚ್ಚೆ ಕಡು ಹಳದಿಯಾಗಿದ್ದರೆ, ಅರಿವಿಯ ಮೇಲೆ ಇಟ್ಟಿಗೆಪುಡಿಯಂಥ ಕೆಂಪು ಕಲೆ ಕಂಡರೆ ಹಾಲು ಸಾಲುತ್ತಿಲ್ಲವೆಂದು ಅನುಮಾನಿಸಬೇಕು. ಕೂಸಿಗೆ ಜೇನು, ಸಕ್ಕರೆ ನೀರು, ಬರಿನೀರು ಯಾವುದೂ ಬೇಡ. ಆರು ತಿಂಗಳು ಎದೆಹಾಲಷ್ಟೇ, ಅದನ್ನೇ ಮೇಲಿಂದ ಮೇಲೆ ಕುಡಿಸಿ. ನೀರು ಬೇಕಾದದ್ದು ಬಾಣಂತಿಗೆ! "ಬಾಣಂತಿ ಹೆಚ್ಚು ನೀರು ಕುಡಿಯಬಾರದು" ಎಂಬ ಕಟ್ಟಳೆಯನ್ನು ಈ ಬಿಸಿಲಿನಲ್ಲಿ ನಡೆಸುವುದು ತಾಯಿಗೆ ಮಾಡುವ ಹಿಂಸೆ.

ಹೆರಿಗೆಯಾದ 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಕೂಸನ್ನು ನೋಡುವ ಕ್ರಮ 2011ರಿಂದ ಇದೆ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಉಚ್ಚೆಗೊಂದು ಗೆರೆ, ಹೊರಗೆ ಹೋದದ್ದಕ್ಕೊಂದು ಚುಕ್ಕೆ ಹಾಕುವ ಕೆಲಸವನ್ನು ಓದುವ ಮಕ್ಕಳಿಗೆ ವಹಿಸಿ. ಆಕೆ ಬಂದಾಗ ಅದನ್ನೇ ತೋರಿಸಿ. ಕೂಸು ಹಾಲು ಬಿಟ್ಟಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಮೈ ಬಿಸಿ ಅಥವಾ ತಣ್ಣಗಾಗಿದ್ದರೆ, ಹೊಕ್ಕುಳ ಸುತ್ತ ಕೆಂಪಾಗಿ ವಾಸನೆ ಬಂದರೆ, ಮಲದಲ್ಲಿ ರಕ್ತ ಕಂಡರೆ ಆಕೆಯ ದಾರಿ ಕಾಯದೆ ತಾಲ್ಲೂಕು ದವಾಖಾನೆಗೆ ಹೊರಡಿ. ಗಾಡಿ ಇಲ್ಲವಾದರೆ 108ಕ್ಕೆ ಕರೆ ಮಾಡಿ. ಮಲ ಸುಣ್ಣದಂತೆ ಬೆಳ್ಳಗಾಗಿದ್ದರೂ ತಡ ಮಾಡಬೇಡಿ. ಅದು ಪಿತ್ತನಾಳ ಮುಚ್ಚಿರುವ ಗುರುತಾಗಿರಬಹುದು, ಅದರ ಶಸ್ತ್ರಚಿಕಿತ್ಸೆ ಎರಡು ತಿಂಗಳೊಳಗೆ ಆದಷ್ಟೂ ಗುಣ ಹೆಚ್ಚು. ಹೊರಡುವಾಗ ಆ ಲಂಗೋಟಿಯನ್ನು ಒಗೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಬಣ್ಣದ್ದು.