ಕೆಲಸ ಬಿಟ್ಟು ಎಂ.ಎ. ಎಕನಾಮಿಕ್ಸ್ ಓದೋದಾ?

ಕೊಚ್ಚಿಯ ಇನ್ಫೋಪಾರ್ಕಿನಲ್ಲಿ ಕೋಡ್ ಬರೆಯುವ ಹಾಸನದ ಗೆಳೆಯರೊಬ್ಬರು ಕೇಳಿದ್ದಾರೆ: "ಸರ್, ವಯಸ್ಸು ಮೂವತ್ತು. ಊರಲ್ಲಿ ಮನೆ ಸಾಲ ಇದೆ. ಆದ್ರೂ ಎಕನಾಮಿಕ್ಸ್ ಓದೋ ಆಸೆ. ಕೆಲಸ ಬಿಟ್ಟು ತಿರುವನಂತಪುರಕ್ಕೆ ಹೋಗಲಾ?"

ಊರೇನೋ ಸರಿಯಾಗೇ ಆರಿಸಿದ್ದಾರೆ. ಅಲ್ಲಿನ ಉಳ್ಳೂರಿನಲ್ಲಿ ಕೆ.ಎನ್. ರಾಜ್ ಸ್ಥಾಪಿಸಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್‌ನಲ್ಲಿ ಎಂ.ಎ. ಇದೆ. (ಲಾರಿ ಬೇಕರ್ ಕಟ್ಟಿದ ಇಟ್ಟಿಗೆ ಕಟ್ಟಡಗಳನ್ನು ನೋಡೋಕಾದ್ರೂ ಒಮ್ಮೆ ಹೋಗಿ.) ಕೇರಳ ವಿಶ್ವವಿದ್ಯಾಲಯದ ಕಾರ್ಯವಟ್ಟಂ ಕ್ಯಾಂಪಸ್ ಅಂತೂ ಟೆಕ್ನೋಪಾರ್ಕಿನ ಪಕ್ಕದಲ್ಲೇ.

ಆದರೆ ಬರೀ ಫೀಸ್ ನೋಡಬೇಡಿ. ಬಿಟ್ಟುಕೊಟ್ಟ ಸಂಬಳವೂ ಖರ್ಚೇ. ಎಕನಾಮಿಕ್ಸ್‌ನ ಮೊದಲ ಪಾಠಗಳಲ್ಲೇ ಬರೋ ಆಪರ್ಚುನಿಟಿ ಕಾಸ್ಟ್ ಅಂದ್ರೆ ಇದೇ. ಕೈಗೆ ತಿಂಗಳಿಗೆ 70,000 ಬರುತ್ತೆ ಅಂದ್ಕೊಳ್ಳಿ. 24 ತಿಂಗಳಿಗೆ 16 ಲಕ್ಷದ 80 ಸಾವಿರ. ಊಟ, ಬಾಡಿಗೆಯನ್ನು ಇದಕ್ಕೆ ಸೇರಿಸಬೇಡಿ, ಕೆಲಸದಲ್ಲಿದ್ರೂ ಅವು ಇದ್ದೇ ಇರ್ತವೆ. ಸಾಲದ ಕಂತು ಎರಡು ವರ್ಷ ಯಾರು ಕಟ್ತಾರೆ? ಮನೆಯವರ ಹತ್ತಿರ ಮೊದಲು ಅದನ್ನ ಮಾತಾಡಿ.

ಗಣಿತದ ಭಯ ಬೇಡ. ಎಂಜಿನಿಯರಿಂಗ್‌ನಲ್ಲಿ ಕ್ಯಾಲ್ಕುಲಸ್ ಓದಿಯೇ ಬಂದಿದ್ದೀರಿ. ಕಾಲೇಜಿನಲ್ಲಿ ಪಾಠ ಮಾಡೋದು, ಸಂಶೋಧನೆ ಗುರಿಯಾದರೆ ಎಂ.ಎ. ಬೇಕೇ ಬೇಕು. ಡೇಟಾ ಕೆಲಸಕ್ಕೆ ಹಾರೋದಷ್ಟೇ ಆದರೆ ಎಕನಾಮೆಟ್ರಿಕ್ಸ್ ಒಂದನ್ನೇ ಕಲಿಯಿರಿ, ಅದಕ್ಕೆ ರಾಜೀನಾಮೆ ಯಾಕೆ?

ನಾನಾಗಿದ್ರೆ ಮೊದಲು ಇಗ್ನೋ ಎಂ.ಎ.ಗೆ ಸೇರ್ತಿದ್ದೆ. ಯಾವ ಡಿಗ್ರಿ ಇದ್ರೂ ಸೇರಿಸಿಕೊಳ್ತಾರೆ, ಕನಿಷ್ಠ 2 ವರ್ಷ, ಸಂಬಳವೂ ನಿಲ್ಲಲ್ಲ. ಆರು ತಿಂಗಳಾದ ಮೇಲೂ ಮೈಕ್ರೋ ಪುಸ್ತಕ ಭಾನುವಾರ ತಾನಾಗೇ ಕೈಗೆ ಬರ್ತಿದ್ರೆ, ಉಳ್ಳೂರಿಗೆ ಅರ್ಜಿ ಹಾಕೋ ಮಾತಾಡೋಣ. ಒಂದು ವಿಷಯ: ಪರೀಕ್ಷೆ ಬರೋದು ಜೂನ್, ಡಿಸೆಂಬರಿನಲ್ಲಿ. ರಜೆಯನ್ನು ಮ್ಯಾನೇಜರ್ ಹತ್ತಿರ ಮೊದಲೇ ಕೇಳಿಡಿ.